ಕೋರ್ಟಿನ ಗೆರೆ ಎಲ್ಲಿಗೆ ಮುಗಿಯುತ್ತದೆ? ವಕೀಲನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವನು ವಕೀಲ ಎಂದು ಗೊತ್ತಾದರೆ ಜನ ಎರಡು ಬಗೆಯ ಪ್ರಶ್ನೆ ಕೇಳುತ್ತಾರೆ. ಒಂದು ತಮ್ಮ ಜಮೀನಿನದು, ಇನ್ನೊಂದು ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಕಂಡ ತೀರ್ಪಿನದು. ಜಮೀನಿನ ಪ್ರಶ್ನೆಗೆ ಪಹಣಿ ನೋಡದೆ ನಾನು ಬಾಯಿ ಬಿಡುವುದಿಲ್ಲ. ತೀರ್ಪಿನ ಪ್ರಶ್ನೆಗಳಿಗೆ ಮಾತ್ರ ಪಾಯಸ ಬಂದು ಹೋದರೂ ಉತ್ತರ ಮುಗಿಯುವುದಿಲ್ಲ. ಹೇಳಿದ್ದನ್ನೇ ಹೇಳಿ ದಣಿದು ಇಲ್ಲಿ ಬರೆದಿಟ್ಟಿದ್ದೇನೆ. ಅಭಿಪ್ರಾಯಗಳು ನನ್ನವು, ನಿಮ್ಮ ಕೇಸಿಗೆ ಇದನ್ನು ಸಲಹೆ ಎಂದು ಹಿಡಿದುಕೊಳ್ಳಬೇಡಿ.

ಒಂದು ಓಟನ್ನೂ ಗಳಿಸದ ನ್ಯಾಯಮೂರ್ತಿಗಳು ಜನ ಆರಿಸಿದ ಸರ್ಕಾರದ ಕಾನೂನನ್ನು ಹೇಗೆ ರದ್ದು ಮಾಡುತ್ತಾರೆ?

ಸಂವಿಧಾನದ 13ನೇ ವಿಧಿ ಹಾಗೆ ಹೇಳುತ್ತದೆ. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಆ ವಿರೋಧದ ಮಟ್ಟಿಗೆ ಅಸಿಂಧು. ಅದನ್ನು ಯಾರಾದರೂ ಹೇಳಬೇಕಲ್ಲ, ಅದಕ್ಕೆ 32ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿಗೂ 226ನೇ ವಿಧಿಯಲ್ಲಿ ಹೈಕೋರ್ಟಿಗೂ ಅಧಿಕಾರ ಕೊಟ್ಟಿದ್ದಾರೆ.

ಆದರೆ ಈ ಅಧಿಕಾರಕ್ಕೆ ಒಂದು ಬೆಲೆಯೂ ಇದೆ, ಅದನ್ನು ಜನ ಮರೆಯುತ್ತಾರೆ. ಶಾಸಕ ಕಾರಣ ಹೇಳದೆ ಕೈ ಎತ್ತಬಹುದು. ನ್ಯಾಯಮೂರ್ತಿಗೆ ಆ ಸೌಕರ್ಯವಿಲ್ಲ. ಎದುರಿಗೆ ಬಂದ ತಕರಾರನ್ನಷ್ಟೇ ನೋಡಬೇಕು, ಎರಡೂ ಕಡೆಯವರ ಮಾತು ಕೇಳಬೇಕು, ಕಾರಣಗಳನ್ನು ಬರೆದು ಸಹಿ ಹಾಕಬೇಕು. ತಾನಾಗಿಯೇ ದೂರು ಎತ್ತಿಕೊಳ್ಳುವ ಪದ್ಧತಿ ಇದ್ದರೂ ಅದು ಅಪವಾದ. ಓಟಿನ ಜಾಗದಲ್ಲಿ ಕೋರ್ಟಿಗೆ ಇರುವುದು ಕಾರಣ ಮಾತ್ರ. ಕಾರಣ ತೆಳುವಾದಷ್ಟೂ ಅಧಿಕಾರ ತೆಳುವಾಗುತ್ತದೆ ಎನ್ನುವುದು ನನ್ನ ನಂಬಿಕೆ. ಕೆಳಗಿನ ಎಲ್ಲ ಉತ್ತರಗಳೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಹಾಗಾದರೆ ಸಂವಿಧಾನವನ್ನೇ ತಿದ್ದಿಬಿಟ್ಟರೆ?

ಈ ಪ್ರಶ್ನೆಗೆ ಉತ್ತರ ತಂದುಕೊಟ್ಟವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನು ಕೈತಪ್ಪುತ್ತಿತ್ತು, ಅವರು ಸುಪ್ರೀಂ ಕೋರ್ಟಿಗೆ ಹೋದರು. ಹೋದದ್ದು ಜಮೀನಿಗಾಗಿ, ಸಿಕ್ಕಿದ್ದು ದೇಶಕ್ಕೆ ಒಂದು ಸಿದ್ಧಾಂತ. ಅದಕ್ಕೂ ಮುಂಚೆ, 1967ರ ಗೋಲಕನಾಥ್ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ 6–5ರ ಬಹುಮತದಿಂದ, ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದುಪಡಿಯಿಂದಲೂ ಮೊಟಕು ಮಾಡುವಂತಿಲ್ಲ ಎಂದಿತ್ತು. ಸಂಸತ್ತು 1971ರ 24ನೇ ತಿದ್ದುಪಡಿಯ ಮೂಲಕ ಅದಕ್ಕೆ ಸೆಡ್ಡು ಹೊಡೆಯಿತು. ಹೀಗಾಗಿ ಸ್ವಾಮೀಜಿಯ ಕೇಸು 13 ನ್ಯಾಯಮೂರ್ತಿಗಳ ಮುಂದೆ ಬಂತು. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು: ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡವುವಂತಿಲ್ಲ.

ಇನ್ನೊಂದು ಕಂಬ ನೆಟ್ಟದ್ದು ಬೆಂಗಳೂರಿನ ಮಿನರ್ವ ಮಿಲ್ಸ್. ತಿದ್ದುಪಡಿಗಳನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದು 1976ರ 42ನೇ ತಿದ್ದುಪಡಿ ಹಾಕಿದ್ದ ಬೀಗವನ್ನು 1980ರಲ್ಲಿ ಆ ಕೇಸಿನಲ್ಲಿ ತೆಗೆದರು. ಮಿನರ್ವ ವೃತ್ತದಲ್ಲಿ ಬಸ್ಸಿಗೆ ಕಾಯುವವರು ಆ ಹೆಸರಿಗೆ ಸಂವಿಧಾನದಲ್ಲೂ ಒಂದು ವೃತ್ತವಿದೆ ಎಂದು ನೆನೆಯಲಿಕ್ಕಿಲ್ಲ.

ನನಗೆ ಇಲ್ಲಿ ಒಂದು ಕಸಿವಿಸಿ ಇದೆ, ಮುಚ್ಚಿಡುವುದಿಲ್ಲ. ‘ಮೂಲ ಸಂರಚನೆ’ ಎಂಬ ಪದ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಅದರೊಳಗೆ ಏನೇನು ಸೇರುತ್ತದೆ ಎಂಬ ಪಟ್ಟಿಯೂ ಇಲ್ಲ. ಕೇಸಿನಿಂದ ಕೇಸಿಗೆ ನ್ಯಾಯಮೂರ್ತಿಗಳೇ ಸೇರಿಸುತ್ತ ಹೋಗಿದ್ದಾರೆ. ತನ್ನ ಬೇಲಿಯನ್ನು ತಾನೇ ಹಾಕಿಕೊಂಡವನಿಗೆ ಬೇಲಿ ಸರಿಸುವುದು ಕಷ್ಟವಲ್ಲ. ಆದರೂ ಒಪ್ಪುತ್ತೇನೆ. ತುರ್ತು ಪರಿಸ್ಥಿತಿಯ ಕಾಲದ ತಿದ್ದುಪಡಿಗಳನ್ನು ಓದಿದವರು ಯಾರೂ ಈ ಸಿದ್ಧಾಂತ ಬೇಡ ಎನ್ನಲಾರರು.

ನನಗೆ ಹಿಡಿಸದ ತೀರ್ಪು ಮಿತಿ ಮೀರಿದ ತೀರ್ಪು ಅಲ್ಲವೇ?

ಅಲ್ಲ. ಇದನ್ನು ನಾನು ಕಲಿತದ್ದು ನನಗೇ ನೋವಾದ ತೀರ್ಪಿನಿಂದ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಬೋಧನಾ ಮಾಧ್ಯಮವಾಗಬೇಕು ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತ್ತು. ಇಪ್ಪತ್ತು ವರ್ಷ ಕೋರ್ಟಿನಿಂದ ಕೋರ್ಟಿಗೆ ಅಲೆದ ಮೇಲೆ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕು ಎಂಬುದು ಮಗುವಿನ, ಅದರ ಪರವಾಗಿ ತಂದೆತಾಯಿಯ ಆಯ್ಕೆ. ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ. ಸರ್ಕಾರ ಬಲವಂತ ಮಾಡುವಂತಿಲ್ಲ ಎಂದಿತು.

ಆ ದಿನ ಸಂಜೆ ನಮ್ಮ ವಕೀಲರ ಸಂಘದಲ್ಲಿ ಚಹಾ ತಣ್ಣಗಾಗುವ ತನಕ ಜಗಳವಾಯಿತು. ‘ದೆಹಲಿಯಲ್ಲಿ ಕೂತವರಿಗೆ ಕನ್ನಡದ ಗೊಡವೆ ಏನು’ ಎಂದು ಹಿರಿಯರೊಬ್ಬರು ಮೇಜು ಕುಟ್ಟಿದರು. ನನಗೂ ಹಾಗೇ ಅನ್ನಿಸಿತ್ತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕೆನ್ನುವ 350ಎ ವಿಧಿಯನ್ನು ಪೀಠ ತೀರಾ ಬಿಗಿಯಾಗಿ ಓದಿತು ಎಂದು ಈಗಲೂ ವಾದಿಸಬಲ್ಲೆ. ಆದರೆ ಗೆರೆ ದಾಟಿತೇ? ಇಲ್ಲ. ಸರ್ಕಾರದ ಆದೇಶವೊಂದು ಮೂಲಭೂತ ಹಕ್ಕಿಗೆ ತಾಗುತ್ತದೆಯೇ ಎಂಬುದು ಅಪ್ಪಟ ಕೋರ್ಟಿನ ಪ್ರಶ್ನೆ. ಪ್ರಶ್ನೆ ಅದರದ್ದೇ, ಕಾರಣ ಬರೆದಿದೆ, ಉತ್ತರ ನನ್ನದಲ್ಲ, ಅಷ್ಟೇ. ತಪ್ಪು ತೀರ್ಪು ಬೇರೆ, ಅಧಿಕಾರವಿಲ್ಲದ ತೀರ್ಪು ಬೇರೆ. ಕನ್ನಡ ಶಾಲೆಗಳನ್ನು ಮಕ್ಕಳು ಬಯಸಿ ಬರುವಂತೆ ಮಾಡುವುದಕ್ಕೆ ಯಾವ ಕೋರ್ಟೂ ತಡೆಯಾಜ್ಞೆ ಕೊಟ್ಟಿಲ್ಲ ಎಂದು ಆ ಹಿರಿಯರಿಗೆ ಹೇಳಿದ್ದೆ. ಅವರು ಆ ಸಂಜೆ ನನ್ನೊಡನೆ ಮತ್ತೆ ಮಾತನಾಡಲಿಲ್ಲ.

ಟಿ.ವಿ.ಯಲ್ಲಿ ‘ಸುಪ್ರೀಂ ಕೋರ್ಟ್ ಛೀಮಾರಿ’ ಎಂದು ಬಂತು. ಅದು ತೀರ್ಪೇ?

ವಿಚಾರಣೆಯ ನಡುವೆ ನ್ಯಾಯಮೂರ್ತಿ ಆಡಿದ ಮಾತು ತೀರ್ಪಲ್ಲ. ವಕೀಲನನ್ನು ಕೆಣಕಲು, ಉತ್ತರ ಹೊರಡಿಸಲು, ಕೆಲವೊಮ್ಮೆ ಬೇಸರಕ್ಕೂ ಆಡುತ್ತಾರೆ. ಬೆಳಿಗ್ಗೆ ತರಾಟೆಗೆ ತೆಗೆದುಕೊಂಡ ಸರ್ಕಾರದ ಪರವಾಗಿಯೇ ಸಂಜೆ ಆದೇಶವಾದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಬರೆದ ತೀರ್ಪಿನಲ್ಲೂ ಎಲ್ಲ ಸಾಲು ಕಾನೂನಲ್ಲ. 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ. ಘೋಷಿಸಿದ ಕಾನೂನು ಎಂದರೆ ಆ ತಕರಾರನ್ನು ತೀರ್ಮಾನಿಸಲು ಅಗತ್ಯವಾಗಿದ್ದ ತತ್ವ. ದಾರಿಯಲ್ಲಿ ಸಿಕ್ಕಿದ ಸುಭಾಷಿತ, ಇತಿಹಾಸದ ಪಾಠ, ಸಮಾಜಕ್ಕೆ ಬುದ್ಧಿಮಾತು ಇವೆಲ್ಲ ಪ್ರಾಸಂಗಿಕ. ಈಚಿನ ತೀರ್ಪುಗಳಲ್ಲಿ ಪ್ರಾಸಂಗಿಕದ ಹೊಟ್ಟು ಹೆಚ್ಚಾಗಿ ಕಾಳು ಹುಡುಕುವುದೇ ನಮ್ಮ ಕೆಲಸವಾಗಿದೆ.

ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರೆ ಏನಾಗುತ್ತದೆ ಎಂದೂ ಕೇಳುತ್ತಾರೆ. ಹಿಜಾಬ್ ವಿಷಯದಲ್ಲಿ 2022ರ ಅಕ್ಟೋಬರ್ 13ರಂದು ಆದದ್ದು ಅದೇ. ಸುಪ್ರೀಂ ಕೋರ್ಟಿನ ಇಬ್ಬರ ಪೀಠ ಇಬ್ಭಾಗವಾಯಿತು. ಆಗ ದೊಡ್ಡ ಪೀಠ ಏನಾದರೂ ಹೇಳುವ ತನಕ ಕೆಳಗಿನದೇ ನಿಲ್ಲುತ್ತದೆ, ಎಂದರೆ ಆ ವರ್ಷದ ಮಾರ್ಚ್ 15ರ ಕರ್ನಾಟಕ ಹೈಕೋರ್ಟಿನ ತೀರ್ಪು.

142ನೇ ವಿಧಿ ಎಂದರೆ ಕೋರ್ಟಿನ ಬ್ರಹ್ಮಾಸ್ತ್ರ ಎನ್ನುತ್ತಾರಲ್ಲ?

ತನ್ನ ಮುಂದಿರುವ ಪ್ರಕರಣದಲ್ಲಿ ‘ಸಂಪೂರ್ಣ ನ್ಯಾಯ’ ಒದಗಿಸಲು ಬೇಕಾದ ಆದೇಶವನ್ನು ಸುಪ್ರೀಂ ಕೋರ್ಟ್ ಮಾಡಬಹುದು ಎನ್ನುತ್ತದೆ ಆ ವಿಧಿ. ಹೈಕೋರ್ಟಿಗೆ ಇದು ಇಲ್ಲ. ಒಳ್ಳೆಯ ಉಪಯೋಗಗಳಿವೆ. ಮತ್ತೆ ಕೂಡಿ ಬಾಳಲಾಗದಷ್ಟು ಮುರಿದುಬಿದ್ದ ದಾಂಪತ್ಯಕ್ಕೆ ವಿಚ್ಛೇದನ ಕೊಡಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿಲ್ಲ. 142ರ ಕೆಳಗೆ ಕೊಡಬಹುದೆಂದು 2023ರ ಮೇ 1ರಂದು ಸಂವಿಧಾನ ಪೀಠ ಹೇಳಿತು. ಹದಿನೈದು ವರ್ಷ ಕೋರ್ಟು ಅಲೆದ ಗಂಡಹೆಂಡಿರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ನನ್ನ ತಕರಾರು ಇರುವುದೂ ಇಲ್ಲೇ. ಇರುವ ಕಾನೂನಿಗೆ ಪೂರಕವಾಗಿ ಈ ಅಧಿಕಾರ ಬಳಸಬಹುದೇ ಹೊರತು ಅದನ್ನು ಬದಿಗೊತ್ತಿ ಬಳಸುವಂತಿಲ್ಲ ಎಂದು 1998ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ವಕೀಲನೊಬ್ಬನ ಸನ್ನದನ್ನು ನ್ಯಾಯಾಂಗ ನಿಂದನೆಯ ಶಿಕ್ಷೆಯಾಗಿ ಕೋರ್ಟು ತಾನೇ ಅಮಾನತು ಮಾಡಬಹುದೇ ಎಂಬ ಪ್ರಶ್ನೆ ಅದು. ಅದು ವಕೀಲರ ಪರಿಷತ್ತಿನ ಕೆಲಸ ಎಂದು ಪೀಠ ಕೈ ಹಿಂದಕ್ಕೆ ತೆಗೆಯಿತು. ಮುಂದೆ ಆ ಸಂಯಮ ನಿಲ್ಲಲಿಲ್ಲ. 2016ರ ಡಿಸೆಂಬರ್ 15ರಂದು ಹೆದ್ದಾರಿಯ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದು ದೇಶಕ್ಕೆಲ್ಲ ಅನ್ವಯಿಸಿ ಆದೇಶವಾಯಿತು. ಉದ್ದೇಶ ಒಳ್ಳೆಯದೇ, ಕುಡಿದು ವಾಹನ ಓಡಿಸುವವರಿಂದ ಜನ ಸಾಯುತ್ತಿದ್ದರು. ಆದರೆ 500 ಯಾಕೆ, 300 ಯಾಕಲ್ಲ? ಅಳತೆಗೋಲು ಹಿಡಿಯುವುದು ಅಬಕಾರಿ ನಿಯಮ ಬರೆಯುವವರ ಕೆಲಸ. ಮೂರೂವರೆ ತಿಂಗಳಲ್ಲಿ ಕೋರ್ಟೇ 20 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ 220 ಮೀಟರ್ ಎಂದು ತಿದ್ದಿತು. ರಾಜ್ಯಗಳು ಹೆದ್ದಾರಿಯ ಪಟ್ಟಿಯಿಂದ ನಗರದ ರಸ್ತೆಗಳನ್ನೇ ಕೈಬಿಡತೊಡಗಿದವು. ಜುಲೈ ಹೊತ್ತಿಗೆ ನಗರಸಭೆಯ ವ್ಯಾಪ್ತಿಗೆ ಇದು ಅನ್ವಯಿಸದು ಎಂಬ ಸ್ಪಷ್ಟನೆ ಬಂತು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು.

ರಾಜ್ಯಪಾಲರ ಕತೆ ಇನ್ನೂ ಹೊಸದು. ತಮಿಳುನಾಡಿನ ರಾಜ್ಯಪಾಲರು ವರ್ಷಗಟ್ಟಲೆ ಹಿಡಿದಿಟ್ಟಿದ್ದ 10 ಮಸೂದೆಗಳಿಗೆ ಅಂಕಿತ ಸಿಕ್ಕಿದೆ ಎಂದೇ ಭಾವಿಸತಕ್ಕದ್ದು ಎಂದು 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ 142ರ ಕೆಳಗೆ ಘೋಷಿಸಿತು, ಮುಂದಿನವುಗಳಿಗೆ ಗಡುವನ್ನೂ ಹಾಕಿತು. ರಾಷ್ಟ್ರಪತಿಗಳು ಸಲಹೆ ಕೇಳಿದಾಗ ಐವರ ಪೀಠ ನವೆಂಬರ್ 20ರಂದು ಬೇರೆ ಮಾತು ಹೇಳಿತು: ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕುವಂತಿಲ್ಲ, ಅಂಕಿತವನ್ನು ಭಾವಿಸಿಕೊಳ್ಳುವಂತೆಯೂ ಇಲ್ಲ, ಆದರೆ ವಿವರಣೆಯಿಲ್ಲದೆ ದೀರ್ಘಕಾಲ ಸುಮ್ಮನೆ ಕುಳಿತರೆ ಏನಾದರೊಂದು ನಿರ್ಧಾರ ಮಾಡಿ ಎಂದು ಸೀಮಿತವಾಗಿ ನಿರ್ದೇಶಿಸಬಹುದು. ಫಲಿತಾಂಶದ ಮಟ್ಟಿಗೆ ನನಗೆ ಮೊದಲನೆಯದು ಹಿತವಾಗಿತ್ತು. ಮಸೂದೆಯ ಮೇಲೆ ಕೂತ ರಾಜ್ಯಪಾಲರ ಬಗ್ಗೆ ನನಗೆ ಕನಿಕರವಿಲ್ಲ. ಆದರೆ ಬೇರೊಬ್ಬರ ಸಹಿಯನ್ನು ಕೋರ್ಟು ಹಾಕಿಬಿಡುವುದಕ್ಕೆ ಕಾರಣ ಹುಡುಕಿ ನಾನೂ ಸೋತಿದ್ದೇನೆ.

ಕೋರ್ಟು ಕಾನೂನನ್ನೇ ಬರೆಯಬಹುದೇ?

ಬರೆದಿದೆ. 1997ರ ವಿಶಾಖಾ ತೀರ್ಪು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯಲು ಮಾರ್ಗಸೂಚಿ ಕೊಟ್ಟು, ಶಾಸನ ಬರುವವರೆಗೆ ಇದೇ ಕಾನೂನು ಎಂದಿತು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ, 16 ವರ್ಷ ಕಳೆದು. ಇದನ್ನು ಅತಿಕ್ರಮಣ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಕ್ಕು ಇತ್ತು, ಕಾನೂನು ಇರಲಿಲ್ಲ, ಕೋರ್ಟು ತಾತ್ಕಾಲಿಕ ಚಪ್ಪರ ಹಾಕಿತು, ಇದು ಚಪ್ಪರ ಎಂದು ತಾನೇ ಹೇಳಿತು.

ಸಿನಿಮಾ ಮಂದಿರದಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿದ 2016ರ ನವೆಂಬರ್ 30ರ ಮಧ್ಯಂತರ ಆದೇಶ ಹಾಗಲ್ಲ. ಅಲ್ಲಿ ಯಾರ ಹಕ್ಕು ಮುರಿದಿತ್ತು? 2018ರ ಜನವರಿಯಲ್ಲಿ ಕೋರ್ಟೇ ಅದನ್ನು ಐಚ್ಛಿಕ ಎಂದು ಬದಲಿಸಿತು. ಇನ್ನೊಂದು ತುದಿಗೆ, ಸಲಿಂಗ ವಿವಾಹದ ವಿಷಯವನ್ನು 2023ರ ಅಕ್ಟೋಬರ್ 17ರಂದು ಐವರ ಪೀಠ ಶಾಸಕಾಂಗಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ಹಕ್ಕಿನ ಪ್ರಶ್ನೆ ಇತ್ತು, ಸಂಯಮದ ಹೆಸರಿನಲ್ಲಿ ತುಸು ಹೆಚ್ಚೇ ಹಿಂದೆ ಸರಿದರು ಎನ್ನುವುದು ನನ್ನ ಅಂದಾಜು. ನನ್ನ ಸ್ನೇಹಿತರಲ್ಲಿ ಅರ್ಧದಷ್ಟು ಮಂದಿ ಒಪ್ಪುವುದಿಲ್ಲ.

ತೀರ್ಪು ಬೇಡವೆಂದರೆ ಸರ್ಕಾರ ಹೊಸ ಕಾನೂನು ತಂದು ಅದನ್ನು ಅಳಿಸಬಹುದೇ?

ಇದಕ್ಕೆ ಎರಡೂ ಪಾಠ ಕರ್ನಾಟಕದಲ್ಲೇ ಇವೆ, ಒಂದು ಸೋತದ್ದು, ಒಂದು ಗೆದ್ದದ್ದು.

ಸೋತದ್ದು ಕಾವೇರಿಯದು. 1991ರ ಜೂನ್ 25ರಂದು ನ್ಯಾಯಮಂಡಳಿ ಮಧ್ಯಂತರ ಆದೇಶ ಮಾಡಿ, ವರ್ಷಕ್ಕೆ 205 ಟಿಎಂಸಿ ಅಡಿ ನೀರು ಮೆಟ್ಟೂರು ತಲುಪುವಂತೆ ಬಿಡಬೇಕು ಎಂದಿತು. ಬಂಗಾರಪ್ಪನವರ ಸರ್ಕಾರ ಒಂದು ತಿಂಗಳಲ್ಲಿ ಸುಗ್ರೀವಾಜ್ಞೆ ತಂದು ಆ ಆದೇಶವನ್ನೇ ನಿಷ್ಪ್ರಯೋಜಕ ಮಾಡಲು ನೋಡಿತು. ರಾಷ್ಟ್ರಪತಿಗಳ ಕೋರಿಕೆಯ ಮೇಲೆ ಸುಪ್ರೀಂ ಕೋರ್ಟ್ ನವೆಂಬರ್ 22ರಂದು ಅಭಿಪ್ರಾಯ ಕೊಟ್ಟಿತು: ಸುಗ್ರೀವಾಜ್ಞೆ ಸಂವಿಧಾನಬಾಹಿರ. ತೀರ್ಪಿಗೆ ಆಧಾರವಾದ ಕಾನೂನನ್ನು ಬದಲಿಸಬಹುದು, ಆದರೆ ಇಬ್ಬರ ನಡುವಿನ ತೀರ್ಮಾನವನ್ನು ಒಬ್ಬರು ಶಾಸನ ಮಾಡಿ ಹರಿದುಹಾಕುವಂತಿಲ್ಲ. ತನ್ನದೇ ಮೊಕದ್ದಮೆಯಲ್ಲಿ ತಾನೇ ನ್ಯಾಯಾಧೀಶನಾಗುವುದು ಅಂದರೆ ಅದೇ.

ಗೆದ್ದದ್ದು ಬಡ್ತಿ ಮೀಸಲಾತಿಯದು. ಮೀಸಲಾತಿಯಿಂದ ಬಡ್ತಿ ಪಡೆದವರಿಗೆ ಜ್ಯೇಷ್ಠತೆಯನ್ನೂ ಕೊಡುವ 2002ರ ರಾಜ್ಯ ಕಾನೂನನ್ನು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರವರಿ 9ರಂದು ಅಸಿಂಧು ಮಾಡಿತು; ಹಿಂದುಳಿದಿರುವಿಕೆ, ಪ್ರಾತಿನಿಧ್ಯ, ಆಡಳಿತ ದಕ್ಷತೆಯ ಬಗ್ಗೆ ಅಧ್ಯಯನವೇ ನಡೆದಿಲ್ಲ ಎನ್ನುವುದು ಕಾರಣ. ಸರ್ಕಾರ ಬೈಯುತ್ತ ಕೂರಲಿಲ್ಲ. ರತ್ನಪ್ರಭಾ ಸಮಿತಿಯಿಂದ ಅಂಕಿಅಂಶ ತರಿಸಿತು, ಅದರ ಮೇಲೆ 2018ರಲ್ಲಿ ಹೊಸ ಕಾಯ್ದೆ ಮಾಡಿತು. 2019ರ ಮೇ 10ರಂದು ಅದೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋರ್ಟು ತೋರಿಸಿದ ಕೊರತೆಯನ್ನು ತುಂಬಿದರೆ ಶಾಸಕಾಂಗದ ಮಾತೇ ನಡೆಯುತ್ತದೆ. ನನ್ನ ಕಿರಿಯ ವಕೀಲರಿಗೆ ಈ ಎರಡನ್ನೂ ಒಟ್ಟಿಗೇ ಓದಿಸುತ್ತೇನೆ.

ತೀರ್ಪು ಬಂದ ಮೇಲೂ ಯಾಕೆ ಏನೂ ಬದಲಾಗುವುದಿಲ್ಲ?

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕೋರ್ಟಿನ ಕೈಯಲ್ಲಿ ಪೊಲೀಸೂ ಇಲ್ಲ, ಖಜಾನೆಯೂ ಇಲ್ಲ. ಎಲ್ಲ ಅಧಿಕಾರಿಗಳೂ ಸುಪ್ರೀಂ ಕೋರ್ಟಿಗೆ ನೆರವಾಗತಕ್ಕದ್ದು ಎನ್ನುವ 144ನೇ ವಿಧಿ ಇದೆ, ಕಾಗದದ ಮೇಲೆ.

ಅಂತರ್ಜಾಲದಲ್ಲಿ ಮನನೋಯಿಸುವ ಸಂದೇಶ ಹಾಕುವುದನ್ನು ಅಪರಾಧ ಮಾಡಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ನೋಡಿ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನಲ್ಲಿ ಅದು ಸತ್ತಿತು. 2021ರಲ್ಲೂ ಪೊಲೀಸರು ಅದರ ಕೆಳಗೆ ಕೇಸು ದಾಖಲಿಸುತ್ತಿದ್ದಾರೆಂದು ಕೇಳಿ ಸುಪ್ರೀಂ ಕೋರ್ಟ್ ಬೆಚ್ಚಿತು. 2022ರಲ್ಲಿ ಮತ್ತೆ ಆದೇಶ ಮಾಡಬೇಕಾಯಿತು. ಕಾರಣ ತೀರಾ ಸಣ್ಣದು. ಅಚ್ಚಾದ ಕಾಯ್ದೆಯ ಪುಸ್ತಕದಲ್ಲಿ ಆಗ ಕಲಂ ಹಾಗೇ ಇತ್ತು, ರದ್ದಾದ ವಿಷಯ ಅಡಿಟಿಪ್ಪಣಿಯಲ್ಲಿತ್ತು. ಠಾಣೆಯ ಬರಹಗಾರ ಅಡಿಟಿಪ್ಪಣಿ ಓದುತ್ತಿರಲಿಲ್ಲ. ಪೊಲೀಸ್ ಸುಧಾರಣೆಯ 2006ರ ಪ್ರಕಾಶ್ ಸಿಂಗ್ ತೀರ್ಪಿನ ಗತಿಯೂ ಅಷ್ಟಕ್ಕಷ್ಟೇ.

ರಾಜ್ಯಪಾಲ, ಸ್ಪೀಕರ್, ವಿಧಾನಸಭೆ, ಇವುಗಳ ಒಳಗೆ ಕೋರ್ಟು ಕಾಲಿಡಬಹುದೇ?

ಸದನದ ನಡಾವಳಿಯಲ್ಲಿ ಕ್ರಮಲೋಪವಾಯಿತೆಂದು ಕೋರ್ಟು ಪ್ರಶ್ನಿಸುವಂತಿಲ್ಲ. ಸಂಸತ್ತಿಗೆ 122, ವಿಧಾನಮಂಡಲಕ್ಕೆ 212ನೇ ವಿಧಿ. ಆದರೆ ಸಂವಿಧಾನವನ್ನೇ ಮೀರಿದರೆ ಬಾಗಿಲು ತೆರೆಯುತ್ತದೆ. ತೆರೆದದ್ದು ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಿದರು, ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೂ ಕೊಡದೆ. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದಿತು. ಕರ್ನಾಟಕದ ವಜಾ ಸಂವಿಧಾನಬಾಹಿರ ಎಂದೂ ಹೇಳಿತು. ಐದು ವರ್ಷ ತಡವಾಗಿ. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ, ಆದರೆ ಅವರ ಹೆಸರು ಆಮೇಲಿನ ಎಷ್ಟೋ ಮುಖ್ಯಮಂತ್ರಿಗಳ ಕುರ್ಚಿ ಉಳಿಸಿತು.

2018ರ ಮೇ ತಿಂಗಳಲ್ಲಿ ಅದೇ ತತ್ವ ಎರಡು ದಿನದಲ್ಲಿ ಕೆಲಸ ಮಾಡಿತು. ಯಡಿಯೂರಪ್ಪನವರಿಗೆ ರಾಜ್ಯಪಾಲರು ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. ನಡುರಾತ್ರಿ ಕೂತ ಸುಪ್ರೀಂ ಕೋರ್ಟ್ ಪ್ರಮಾಣವಚನವನ್ನು ತಡೆಯಲಿಲ್ಲ, ಆದರೆ ಮರುದಿನ 15 ದಿನವನ್ನು ಕತ್ತರಿಸಿ 19ರ ಸಂಜೆಗೇ ತಂದಿತು. ಯಾರು ಆಳಬೇಕು ಎಂದು ಹೇಳಲಿಲ್ಲ. ಎಲ್ಲಿ, ಯಾವಾಗ ಎಣಿಸಬೇಕು ಎಂದಷ್ಟೇ ಹೇಳಿತು. ಗೆರೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಆದೇಶವನ್ನು. 2019ರಲ್ಲಿ 17 ಶಾಸಕರ ಅನರ್ಹತೆಯನ್ನು ಎತ್ತಿಹಿಡಿದೂ, ವಿಧಾನಸಭೆಯ ಅವಧಿ ಮುಗಿಯುವ ತನಕ ಅವರು ಸ್ಪರ್ಧಿಸುವಂತಿಲ್ಲ ಎಂದು ಸ್ಪೀಕರ್ ಸೇರಿಸಿದ್ದ ಭಾಗವನ್ನು ಮಾತ್ರ ತೆಗೆದುಹಾಕಿದ್ದೂ ಇದೇ ಜಾತಿಯದು.

ಕೋರ್ಟು ಮಿತಿ ಮೀರುವುದೇ ದೊಡ್ಡ ಅಪಾಯ ಅಲ್ಲವೇ?

ಎಲ್ಲರೂ ಹೀಗೆಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಮಿತಿಯೊಳಗಿನ ತನ್ನದೇ ಕೆಲಸವನ್ನು ಕೋರ್ಟು ಮಾಡದಿರುವುದು.

1975ರ ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸೆರೆಮನೆಗೆ ಹೋದವರು ಹೇಬಿಯಸ್ ಕಾರ್ಪಸ್ ಅರ್ಜಿ, ಎಂದರೆ ಸೆರೆ ಕಾನೂನುಬದ್ಧವೇ ಎಂದು ಕೋರ್ಟು ನೋಡಲಿ ಎಂಬ ಅರ್ಜಿ ಹಾಕಿದರು. ಬೆಂಗಳೂರಿನ ಸೆರೆಮನೆಯಲ್ಲಿದ್ದ ವಾಜಪೇಯಿ, ಅಡ್ವಾಣಿಯವರ ಅರ್ಜಿಗಳು ಕರ್ನಾಟಕ ಹೈಕೋರ್ಟಿನ ಮುಂದಿದ್ದವು. ಕರ್ನಾಟಕದ್ದೂ ಸೇರಿ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಬಹುದು ಎಂದವು. ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ಜಬಲ್‌ಪುರ ಪ್ರಕರಣದಲ್ಲಿ 4–1ರಲ್ಲಿ ಬಾಗಿಲು ಮುಚ್ಚಿತು. ಆ ಒಬ್ಬರು ಎಚ್.ಆರ್. ಖನ್ನಾ. ಮರುವರ್ಷ ಅವರ ಹಿರಿತನವನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಅವರು ರಾಜೀನಾಮೆ ಕೊಟ್ಟರು. ಆ ತೀರ್ಪನ್ನು ‘ಸಂಯಮ’ ಎಂದು ಕರೆಯಬಹುದೇ? ಸರ್ಕಾರದ ಅಂಗಳಕ್ಕೆ ಕೋರ್ಟು ಕಾಲಿಡಲಿಲ್ಲ, ನಿಜ. ತನ್ನ ಅಂಗಳವನ್ನೇ ಬಿಟ್ಟುಕೊಟ್ಟಿತು. ಆ ತೀರ್ಪನ್ನು ವಿಧ್ಯುಕ್ತವಾಗಿ ಹೂಳಲು 41 ವರ್ಷ ಬೇಕಾಯಿತು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಖಾಸಗಿತನದ ಕೇಸಿನಲ್ಲಿ, 2017ರ ಆಗಸ್ಟ್ 24ರಂದು. 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಾತನ್ನು ತಳ್ಳಿಹಾಕಿ ಬರೆದವರು ಅವರ ಮಗನೇ.

ಈಗಿನ ಕಾಲದಲ್ಲಿ ಬಾಗಿಲು ಮುಚ್ಚುವುದಿಲ್ಲ, ವಾಯಿದೆ ಕೊಡುತ್ತಾರೆ. 2016ರ ನವೆಂಬರ್ 8ರ ನೋಟು ರದ್ದತಿಯ ಸಿಂಧುತ್ವ ತೀರ್ಮಾನವಾದದ್ದು 2023ರ ಜನವರಿ 2ರಂದು. ಸರದಿಯಲ್ಲಿ ನಿಂತವರು ಅಷ್ಟರಲ್ಲಿ ಆ ನೋಟನ್ನೇ ಮರೆತಿದ್ದರು. ಬಿ.ವಿ. ನಾಗರತ್ನ ಅವರೊಬ್ಬರ ಭಿನ್ನ ತೀರ್ಪು, ಇದು ಸಂಸತ್ತಿನ ಕಾನೂನಿನ ಮೂಲಕ ಆಗಬೇಕಿತ್ತು ಎಂದದ್ದು, ಓದುವಂಥದ್ದು; ಆದರೆ ಅದೂ ಆರು ವರ್ಷ ಮೀರಿದ್ದು. 2018ರ ಚುನಾವಣಾ ಬಾಂಡ್ ಯೋಜನೆ ರದ್ದಾದದ್ದು 2024ರ ಫೆಬ್ರವರಿ 15ರಂದು, ಒಂದು ಲೋಕಸಭಾ ಚುನಾವಣೆ ನಡುವೆ ಮುಗಿದುಹೋಗಿತ್ತು. ಯಾವ ಕೇಸು ಯಾವಾಗ ಪಟ್ಟಿಗೆ ಬರಬೇಕು ಎಂಬ ಅಧಿಕಾರಕ್ಕೆ ಕಾರಣ ಬರೆಯುವ ಕಟ್ಟಳೆ ಇಲ್ಲ. ಕೋರ್ಟಿನ ಅಧಿಕಾರಗಳಲ್ಲೆಲ್ಲ ಲಗಾಮೇ ಇಲ್ಲದ್ದು ಅದೊಂದೇ. ಅದರ ಬಗ್ಗೆ ಟಿ.ವಿ.ಯಲ್ಲಿ ಚರ್ಚೆಯಾಗುವುದಿಲ್ಲ, ಏಕೆಂದರೆ ಏನೂ ಆಗದ ದಿನಕ್ಕೆ ಸುದ್ದಿಯ ತಲೆಬರಹ ಕೊಡುವುದು ಹೇಗೆ?

ನ್ಯಾಯಮೂರ್ತಿಗಳನ್ನು ನ್ಯಾಯಮೂರ್ತಿಗಳೇ ನೇಮಿಸುವುದು ಸರಿಯೇ?

124ನೇ ವಿಧಿಯಲ್ಲಿ ಇರುವುದು ರಾಷ್ಟ್ರಪತಿ ‘ಸಮಾಲೋಚಿಸಿ’ ನೇಮಿಸಬೇಕು ಎಂದು. 1993ರಲ್ಲಿ ಸುಪ್ರೀಂ ಕೋರ್ಟ್ ಸಮಾಲೋಚನೆ ಎಂದರೆ ಕೋರ್ಟಿನ ಮಾತಿಗೇ ಮೇಲುಗೈ ಎಂದು ಓದಿತು, 1998ರಲ್ಲಿ ಕೊಲಿಜಿಯಂ, ಎಂದರೆ ಹೆಸರುಗಳನ್ನು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟ, ಈಗಿನ ಆಕಾರಕ್ಕೆ ಬಂತು. ಅದರ ಬದಲಿಗೆ ಆಯೋಗವೊಂದನ್ನು ತರಲು ಸಂಸತ್ತು 99ನೇ ತಿದ್ದುಪಡಿ ಮಾಡಿದರೆ, 2015ರ ಅಕ್ಟೋಬರ್ 16ರಂದು ಮೂಲ ಸಂರಚನೆಯ ಹೆಸರಿನಲ್ಲೇ 4–1ರಲ್ಲಿ ಅದು ಬಿತ್ತು. ಎಡನೀರು ಸ್ವಾಮೀಜಿಯ ಕೇಸಿನಿಂದ ಬಂದ ಆಯುಧವನ್ನು ಕೋರ್ಟು ತನ್ನದೇ ನೇಮಕಾತಿಗೆ ಬಳಸಿದ ಸಂದರ್ಭ ಅದು. ಸರ್ಕಾರದ ಕೈಗೆ ನೇಮಕಾತಿ ಕೊಡಲು ನನಗೆ ಧೈರ್ಯವಿಲ್ಲ. ಖನ್ನಾ ಅವರ ಕತೆ ಈಗಷ್ಟೇ ಹೇಳಿದೆ. ಆದರೆ ಕಾರಣ ಬರೆಯುವುದೇ ಕಸುಬಾಗಿರುವ ಸಂಸ್ಥೆ ತನ್ನ ಒಳಗಿನ ಆಯ್ಕೆಗೆ ಸರಿಯಾಗಿ ಕಾರಣ ಹೇಳದಿರುವುದು ನನಗೆ ಅರ್ಥವಾಗದ ಸಂಗತಿ.

ತಪ್ಪು ತೀರ್ಪು ಕೊಟ್ಟ ನ್ಯಾಯಾಧೀಶರ ಮೇಲೆ ಕೇಸು ಹಾಕಬಹುದೇ?

ಇಲ್ಲ. ತಪ್ಪಿಗೆ ಮದ್ದು ಮೇಲ್ಮನವಿ. ದುರ್ನಡತೆ ಸಾಬೀತಾದರೆ ಸುಪ್ರೀಂ ಕೋರ್ಟ್, ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಸಂಸತ್ತು ತೆಗೆಯಬಹುದು, ಆದರೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. 1993ರಲ್ಲಿ ವಿ. ರಾಮಸ್ವಾಮಿಯವರ ವಿರುದ್ಧ ನಿರ್ಣಯ ಲೋಕಸಭೆಯಲ್ಲಿ ಬಿದ್ದುಹೋಯಿತು.

ತೀರ್ಪನ್ನು ಟೀಕಿಸಿದರೆ ನ್ಯಾಯಾಂಗ ನಿಂದನೆ ಆಗುತ್ತದೆಯೇ?

ಇಷ್ಟು ಹೊತ್ತು ನಾನು ಮಾಡಿದ್ದೇನು ಮತ್ತೆ? 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಂ ತೀರ್ಮಾನವಾದ ಕೇಸಿನ ಯೋಗ್ಯಾಯೋಗ್ಯತೆಯ ಬಗ್ಗೆ ನ್ಯಾಯಯುತ ಟೀಕೆಯನ್ನು ನಿಂದನೆ ಅಲ್ಲ ಎನ್ನುತ್ತದೆ. 2006ರ ತಿದ್ದುಪಡಿ ಬಂದ ಮೇಲೆ, ಸಾರ್ವಜನಿಕ ಹಿತದ ಸದುದ್ದೇಶವಿದ್ದರೆ ಸತ್ಯವನ್ನೇ ರಕ್ಷಣೆಯಾಗಿ ಮುಂದಿಡಬಹುದು. ಗರಿಷ್ಠ ಶಿಕ್ಷೆ ಆರು ತಿಂಗಳ ಸಾದಾ ಸೆರೆವಾಸ, 2000 ರೂಪಾಯಿ ದಂಡ. ತೀರ್ಪಿನ ತರ್ಕವನ್ನು ಎಷ್ಟು ಬೇಕಾದರೂ ಹಿಂಜಿ. ಪುರಾವೆಯಿಲ್ಲದೆ ‘ದುಡ್ಡು ತಿಂದು ಬರೆದರು’ ಎಂದರೆ ನನ್ನ ವಕಾಲತ್ತು ಕೇಳಬೇಡಿ.

ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿಕೊಡುತ್ತೀರಾ?

ಹತ್ತರಲ್ಲಿ ಒಂಬತ್ತಕ್ಕೆ ಇಲ್ಲ. ವಿಚಾರಣೆಯೇ ಆಗದೆ ಬಿಹಾರದ ಸೆರೆಮನೆಗಳಲ್ಲಿ ಕೊಳೆಯುತ್ತಿದ್ದ ಬಡ ಕೈದಿಗಳಿಗಾಗಿ 1979ರಲ್ಲಿ ತೆರೆದ ದಾರಿ ಇದು, ಕೋರ್ಟಿನ ಮೆಟ್ಟಿಲು ಹತ್ತಲಾಗದವರಿಗೆ. ಕಳೆದ ವರ್ಷ ಒಬ್ಬರು ಬಂದಿದ್ದರು, ಕೆರೆ ಉಳಿಸಬೇಕೆಂದು. ಅರ್ಧ ಗಂಟೆ ಮಾತನಾಡಿದ ಮೇಲೆ ಕೆರೆಯ ದಂಡೆಯಲ್ಲಿ ಮನೆ ಕಟ್ಟುತ್ತಿರುವವರು ಅವರ ಷಡ್ಡಕ ಎಂದು ತಿಳಿಯಿತು.

ಸುಪ್ರೀಂ ಕೋರ್ಟಿನದು ಕೊನೆಯ ಮಾತೇ?

ನಿಮ್ಮ ಕೇಸಿಗೆ ಬಹುತೇಕ ಹೌದು. 137ನೇ ವಿಧಿಯಲ್ಲಿ ಪುನರ್‌ಪರಿಶೀಲನಾ ಅರ್ಜಿ, ಅದೂ ಸೋತ ಮೇಲೆ ಹಾಕಲು 2002ರಿಂದ ಕ್ಯುರೇಟಿವ್ ಅರ್ಜಿ ಇವೆ, ಎರಡೂ ಸೂಜಿಕಣ್ಣು. ಆದರೆ ಕಾನೂನಿಗೆ ಕೊನೆಯ ಮಾತು ಇಲ್ಲ. ಒಪ್ಪಿಗೆಯ ಸಲಿಂಗ ಸಂಬಂಧವನ್ನೂ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಂ 2013ರಲ್ಲಿ ಸರಿ, ಅಷ್ಟರ ಮಟ್ಟಿಗೆ 2018ರ ಸೆಪ್ಟೆಂಬರ್ 6ರಂದು ತಪ್ಪು.

ವಕೀಲನಲ್ಲದವನು ತೀರ್ಪನ್ನು ಹೇಗೆ ಓದಬೇಕು?

ಕೊನೆಯ ಪುಟದಿಂದ. ಮೊದಲು ಆದೇಶದ ಭಾಗ: ಏನನ್ನು ಮಾಡಿ ಎಂದಿದೆ, ಯಾರಿಗೆ. ಆಮೇಲೆ ಪೀಠ ತನಗೆ ತಾನೇ ಹಾಕಿಕೊಂಡ ಪ್ರಶ್ನೆಗಳು, ಅವು ಸಾಮಾನ್ಯವಾಗಿ ಮೊದಲ ಮೂರನೇ ಒಂದು ಭಾಗದಲ್ಲಿ ಸಿಗುತ್ತವೆ. ಪ್ರಶ್ನೆಗೂ ಆದೇಶಕ್ಕೂ ನಡುವೆ ಕಾರಣದ ಸೇತುವೆ ಇದೆಯೇ ಎಂದು ನಡೆದು ನೋಡಿ. ಭಿನ್ನಮತ ಇದ್ದರೆ ಅದನ್ನು ಬಿಡಲೇಬೇಡಿ.

ತೊಡಕು ಭಾಷೆಯದು. 348ನೇ ವಿಧಿಯಂತೆ ಮೇಲಿನ ನ್ಯಾಯಾಲಯಗಳ ಭಾಷೆ ಇಂಗ್ಲಿಷ್. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ಸಂದೇಹ ಬಂದರೆ ನಿಲ್ಲುವುದು ಇಂಗ್ಲಿಷ್ ಪ್ರತಿಯೇ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಿತು. ನನ್ನ ಕಕ್ಷಿದಾರರೊಬ್ಬರು ಆ ಸುದ್ದಿ ಓದಿ, ಹನ್ನೆರಡು ವರ್ಷದ ಹಿಂದೆ ತಾವು ಸೋತ ಕೇಸಿನ ತೀರ್ಪನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ‘ಇದನ್ನೂ ಕನ್ನಡದಲ್ಲಿ ಹೇಳಿ ಸ್ವಾಮಿ, ನಾನು ಯಾಕೆ ಸೋತೆ ಅಂತ’ ಎಂದರು. ಎರಡು ಗಂಟೆ ಕೂತು ಓದಿ ಹೇಳಿದೆ. ‘ಸರಿಯಾಗಿಯೇ ಇದೆಯಲ್ಲ’ ಎಂದು ಕಾಗದ ಮಡಚಿ ಎದ್ದರು.